ಕೊಳಚೆಯ ಹುಳು, ಮುಗಿಲೆತ್ತರದ ಜಿರಾಫೆ

ರಜೆ ಬಂತೆಂದರೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಎಷ್ಟೋ ಕುಟುಂಬಗಳು ಮಕ್ಕಳನ್ನು ಕಟ್ಟಿಕೊಂಡು ಮೈಸೂರಿಗೆ ಹೊರಡುತ್ತವೆ. ಅರಮನೆ, ಚಾಮುಂಡಿ ಬೆಟ್ಟಗಳ ಜೊತೆಗೆ ಮೃಗಾಲಯವನ್ನೂ ನೋಡದೆ ಆ ಪ್ರವಾಸ ಮುಗಿಯುವುದಿಲ್ಲ. ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ, 1892ರಲ್ಲಿ ಆರಂಭವಾದ ಆ ಮೃಗಾಲಯದಲ್ಲಿ ಮಕ್ಕಳು ಕತ್ತೆತ್ತಿ ಬೆರಗಿನಿಂದ ನೋಡುವ ಪ್ರಾಣಿ ಜಿರಾಫೆ. ಬನ್ನೇರುಘಟ್ಟಕ್ಕೂ 2018ರಲ್ಲಿ ಜಿರಾಫೆ ಬಂದದ್ದು ಮೈಸೂರಿನಿಂದಲೇ.

ಮೈಸೂರಿನ ದಾರಿಯಲ್ಲಿ ಬಸ್ಸು ಬ್ಯಾಟರಾಯನಪುರ ದಾಟಿ ಕೆಂಗೇರಿಯ ಕಡೆ ಸಾಗುವಾಗ ಪ್ರಯಾಣಿಕರು ಕಿಟಕಿ ಎಳೆದು, ಮೂಗಿಗೆ ಕರವಸ್ತ್ರ ಹಿಡಿಯುವ ಒಂದು ಗಳಿಗೆ ಬರುತ್ತದೆ. ರಸ್ತೆಯ ಪಕ್ಕದಲ್ಲಿ ಕಪ್ಪಗೆ ಹರಿಯುವ ಆ ನೀರೇ ವೃಷಭಾವತಿ. ಜಿರಾಫೆ ನೋಡಲು ಹೊರಟವರು ಅದರತ್ತ ಕಣ್ಣು ಹಾಯಿಸುವುದಿಲ್ಲ. ಅಲ್ಲಿ ನೋಡುವಂಥದ್ದು ಏನಿದೆ ಎಂಬುದೇ ಎಲ್ಲರ ಭಾವನೆ.

ಆದರೆ ಚರಂಡಿ ಸೇರಿ ಆಮ್ಲಜನಕ ಬತ್ತಿಹೋದ ಇಂಥ ನೀರೇ ಒಂದು ಜೀವಿಗೆ ತವರು. ಕೆಲವೇ ಸೆಂಟಿಮೀಟರ್ ಉದ್ದ, ದಾರದಷ್ಟು ದಪ್ಪ, ರಕ್ತಗೆಂಪು ಬಣ್ಣ. ಸಾವಿರಾರು ಹುಳುಗಳು ಒಂದೆಡೆ ಸೇರಿದಾಗ ಕೆಸರಿನ ಮೇಲೆ ಕೆಂಪು ಕಂಬಳಿ ಹಾಸಿದಂತೆ ಕಾಣುತ್ತದೆ. ವಿಜ್ಞಾನದಲ್ಲಿ ಇದರ ಹೆಸರು ಟ್ಯೂಬಿಫೆಕ್ಸ್. ಮನೆಯಲ್ಲಿ ಗಾಜಿನ ತೊಟ್ಟಿಯಿಟ್ಟು ಮೀನು ಸಾಕುವವರಿಗೆ ಈ ಹೆಸರು ಹೊಸದಲ್ಲ. ಮೀನಿನ ಅಂಗಡಿಗಳಲ್ಲಿ ಸಿಗುವ, ಒಣಗಿಸಿ ಅಚ್ಚು ಹಾಕಿದ ಪುಟ್ಟ ಚೌಕಗಳು ಈ ಹುಳುವಿನವೇ.

ಈ ಹುಳುವಿಗೂ ಜಿರಾಫೆಗೂ ಎತ್ತಣಿಂದೆತ್ತ ಸಂಬಂಧ? ಸಂಬಂಧ ಇದೆ. ಎರಡೂ ಒಬ್ಬನೇ ಮನುಷ್ಯನ ಬದುಕಿನಲ್ಲಿ ಬಂದು ಸೇರುತ್ತವೆ. ಪ್ರಾಣಿಗಳಲ್ಲಿ ಮೇಲು ಯಾವುದು, ಕೀಳು ಯಾವುದು ಎಂಬ ಬಹು ಹಳೆಯ ಪ್ರಶ್ನೆಯ ಚರಿತ್ರೆಯೂ ಆ ಬದುಕಿನೊಂದಿಗೆ ಹೆಣೆದುಕೊಂಡಿದೆ.

ಹುಳುಗಳ ಪ್ರಾಧ್ಯಾಪಕ

ಜೀವವಿಜ್ಞಾನದ ಪಾಠ ಓದಿದ ವಿದ್ಯಾರ್ಥಿಗಳಿಗೆಲ್ಲ ಲಾಮಾರ್ಕ್ ಎಂದೊಡನೆ ನೆನಪಾಗುವುದು ಜಿರಾಫೆಯ ಚಿತ್ರ. ಎತ್ತರದ ಕೊಂಬೆಯ ಎಲೆಗೆ ತಲೆಮಾರುಗಟ್ಟಲೆ ಕತ್ತು ಚಾಚಿ ಚಾಚಿ ಅದರ ಕತ್ತು ಉದ್ದವಾಯಿತು ಎಂದವನು, ಆಮೇಲೆ ಡಾರ್ವಿನ್ ಬಂದು ಅವನನ್ನು ತಿದ್ದಿದ ಎಂಬಲ್ಲಿಗೆ ಪಾಠ ಮುಗಿಯುತ್ತದೆ. ಲಾಮಾರ್ಕನ ಜೀವಮಾನದ ದುಡಿಮೆ ಮಾತ್ರ ಜಿರಾಫೆಯದಾಗಿರಲಿಲ್ಲ. ಅದು ಹುಳುಗಳದಾಗಿತ್ತು.

ಜ್ಯಾಂ ಬ್ಯಾಪ್ಟಿಸ್ಟ್ ಲಾಮಾರ್ಕ್ ಹುಟ್ಟಿದ್ದು 1744ರಲ್ಲಿ, ಉತ್ತರ ಫ್ರಾನ್ಸಿನ ಬಡ ಕುಲೀನರ ಮನೆಯಲ್ಲಿ. ಮೊದಲು ಸೈನಿಕನಾಗಿದ್ದ. ಸೈನ್ಯ ಬಿಟ್ಟ ಮೇಲೆ ಗಿಡಮರಗಳ ಅಭ್ಯಾಸಕ್ಕೆ ಇಳಿದ. ಫ್ರಾನ್ಸಿನ ಸಸ್ಯಗಳ ಮೇಲೆ ಬರೆದ ಗ್ರಂಥ ಹೆಸರು ತಂದುಕೊಟ್ಟಿತು. ಪ್ಯಾರಿಸ್ಸಿನ ರಾಜೋದ್ಯಾನದಲ್ಲಿ ಸಣ್ಣದೊಂದು ಕೆಲಸವೂ ದೊರೆಯಿತು. ಫ್ರಾನ್ಸಿನ ಮಹಾಕ್ರಾಂತಿ ಆ ಉದ್ಯಾನವನ್ನೂ ಬಿಡಲಿಲ್ಲ. 1793ರಲ್ಲಿ ಅದನ್ನು ನಿಸರ್ಗ ಚರಿತ್ರೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯವಾಗಿ ಮರುರೂಪಿಸಿ ಹನ್ನೆರಡು ಪ್ರಾಧ್ಯಾಪಕ ಪೀಠಗಳನ್ನು ಸ್ಥಾಪಿಸಿದರು. ಸಸ್ಯಗಳ ಪೀಠಗಳು ಬೇರೆಯವರ ಪಾಲಾದವು. ಸಸ್ತನಿ, ಪಕ್ಷಿಗಳ ಪೀಠ ಇಪ್ಪತ್ತೊಂದು ವರ್ಷದ ತರುಣ ಜಫ್ರುವಾ ಸೇಂತಿಲೇರ್‌ಗೆ ಸಿಕ್ಕಿತು. ಐವತ್ತರ ಅಂಚಿನಲ್ಲಿದ್ದ ಲಾಮಾರ್ಕನ ಪಾಲಿಗೆ ಬಂದದ್ದು ಕೀಟಗಳು ಮತ್ತು ಹುಳುಗಳು.

ಆ ಕಾಲಕ್ಕೆ ಇದು ಯಾರೂ ಆಸೆಪಡುವಂಥ ಪೀಠವಾಗಿರಲಿಲ್ಲ. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಪ್ರಾಣಿಲೋಕವನ್ನು ಆರು ವರ್ಗಗಳಾಗಿ ಹಂಚಿದ್ದ: ಸಸ್ತನಿ, ಪಕ್ಷಿ, ಉಭಯಚರ, ಮೀನು, ಕೀಟ, ಹುಳು. ಕೊನೆಯದು ಹೆಸರಿಗೆ ಮಾತ್ರ ಹುಳುಗಳ ವರ್ಗ. ಎರೆಹುಳು, ಜಿಗಣೆ, ಬಸವನಹುಳು, ನಕ್ಷತ್ರಮೀನು, ಹವಳ ಹೀಗೆ ಬೇರೆಲ್ಲೂ ಜಾಗ ಸಿಗದ ಜೀವಿಗಳನ್ನೆಲ್ಲ ತುಂಬಿದ ಮನೆಯ ಅಟ್ಟದಂತಿತ್ತು ಅದು. ಆ ಅಟ್ಟವನ್ನು ಗುಡಿಸಿ, ಒಪ್ಪ ಮಾಡಿ, ಒಂದೊಂದಕ್ಕೂ ಅದರದೇ ಸ್ಥಾನ ಕೊಡುವ ಕೆಲಸವನ್ನು ಲಾಮಾರ್ಕ್ ಮುಂದಿನ ಮೂವತ್ತು ವರ್ಷ ಬಿಡದೆ ಮಾಡಿದ.

ರಕ್ತವೋ, ಬೆನ್ನೆಲುಬೋ

ಪ್ರಾಣಿಗಳನ್ನು ಎರಡು ಪಾಲು ಮಾಡಿದವರಲ್ಲಿ ಮೊದಲಿಗ ಗ್ರೀಸಿನ ಅರಿಸ್ಟಾಟಲ್. ಅವನ ಗೆರೆ ಬಿದ್ದದ್ದು ರಕ್ತದ ಮೇಲೆ. ಕೆಂಪು ರಕ್ತವುಳ್ಳವು ಒಂದು ಕಡೆ, ಅದಿಲ್ಲದವು ಇನ್ನೊಂದು ಕಡೆ. ಮನುಷ್ಯ, ಆನೆ, ಹಕ್ಕಿ, ಮೀನುಗಳು ಮೇಲಿನ ಪಂಕ್ತಿಯಲ್ಲಿ. ಕೀಟ, ಏಡಿ, ಚಿಪ್ಪಿನ ಜೀವಿಗಳು ಕೆಳಗಿನ ಪಂಕ್ತಿಯಲ್ಲಿ. ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಈ ವಿಂಗಡಣೆ ಪಂಡಿತರ ಮನಸ್ಸಿನಲ್ಲಿ ಬೇರೂರಿತ್ತು.

ಈ ಗೆರೆಯನ್ನು ಅಳಿಸಿದ್ದು ಹುಳು. ಎರೆಹುಳುವಿನ ಬಳಗವನ್ನು ಕೊಯ್ದು ನೋಡಿದ ಪ್ಯಾರಿಸ್ಸಿನ ಕ್ಯೂವಿಯೆ ಅದರ ನಾಳಗಳಲ್ಲಿ ಕೆಂಪು ರಕ್ತ ಹರಿಯುವುದನ್ನು ಎತ್ತಿ ತೋರಿಸಿದ. ಮೈಮೇಲೆ ಉಂಗುರಗಳಿರುವ ಈ ಕೆಂಪು ರಕ್ತದ ಹುಳುಗಳಿಗೆ ಲಾಮಾರ್ಕ್ 1802ರಲ್ಲಿ ಪ್ರತ್ಯೇಕ ವರ್ಗದ ಮನ್ನಣೆ ಕೊಟ್ಟ. ಕನ್ನಡದ ಪಠ್ಯಗಳು ಅವನ್ನು ವಲಯವಂತಗಳೆಂದು ಕರೆಯುತ್ತವೆ. ರಕ್ತದ ಬಣ್ಣ ಗೆರೆ ಎಳೆಯಲು ಸಾಲದೆಂದು ಸ್ಪಷ್ಟವಾದಾಗ ಲಾಮಾರ್ಕ್ ಹಿಡಿದದ್ದು ಬೆನ್ನೆಲುಬನ್ನು. ಬೆನ್ನೆಲುಬಿದ್ದರೆ ಕಶೇರುಕ, ಇಲ್ಲದಿದ್ದರೆ ಅಕಶೇರುಕ. ಶಾಲೆಯ ಮಕ್ಕಳು ಬಾಯಿಪಾಠ ಮಾಡುವ ಈ ಜೋಡಿಪದಗಳ ಮೂಲ ಅಲ್ಲಿದೆ. ಜೀವಿಗಳ ಅಧ್ಯಯನಕ್ಕೆ ‘ಬಯಾಲಜಿ’ ಎಂಬ ಹೆಸರನ್ನು ಬಳಕೆಗೆ ತಂದವರಲ್ಲೂ ಅವನು ಒಬ್ಬ. ಅದೂ 1802ರದೇ ಮಾತು.

1815ರಿಂದ 1822ರವರೆಗೆ ಅಕಶೇರುಕ ಪ್ರಾಣಿಗಳ ಮೇಲೆ ಅವನ ಏಳು ಸಂಪುಟಗಳ ಮಹಾಗ್ರಂಥ ಹೊರಬಂತು. 1774ರಲ್ಲಿ ಡೆನ್ಮಾರ್ಕಿನ ಮುಲ್ಲರ್ ಎರೆಹುಳುಗಳ ಗುಂಪಿಗೆ ಸೇರಿಸಿ ವರ್ಣಿಸಿದ್ದ ಒಂದು ಪುಟ್ಟ ಸಿಹಿನೀರಿನ ಹುಳುವನ್ನು ಲಾಮಾರ್ಕ್ 1816ರಲ್ಲಿ ಬೇರ್ಪಡಿಸಿ, ಟ್ಯೂಬಿಫೆಕ್ಸ್ ಎಂಬ ಹೊಸ ಜಾತಿಯನ್ನೇ ಸ್ಥಾಪಿಸಿದ. ಲ್ಯಾಟಿನ್ನಿನಲ್ಲಿ ಅದರ ಅರ್ಥ ಕೊಳವೆ ಕಟ್ಟುವವನು. ಅವನು ಕೊಟ್ಟ ಪೂರ್ಣ ಹೆಸರು ಟ್ಯೂಬಿಫೆಕ್ಸ್ ರಿವ್ಯುಲೋರಮ್, ಅಂದರೆ ತೊರೆಗಳ ಕೊಳವೆಗಾರ. ಮುಲ್ಲರನ ಹೆಸರೇ ಹಳೆಯದೆಂಬ ಕಾರಣಕ್ಕೆ ವಿಜ್ಞಾನಿಗಳು ಮುಂದೆ ‘ರಿವ್ಯುಲೋರಮ್’ ಕೈಬಿಟ್ಟರು. ಟ್ಯೂಬಿಫೆಕ್ಸ್ ಮಾತ್ರ ಉಳಿಯಿತು.

ಒಂದು ಪ್ಯಾರಾದ ಜಿರಾಫೆ

ಹಾಗಿದ್ದರೆ ಜಿರಾಫೆ ಎಲ್ಲಿಂದ ಬಂತು? 1809ರಲ್ಲಿ ಪ್ರಕಟವಾದ ‘ಪ್ರಾಣಿಶಾಸ್ತ್ರದ ತತ್ವಜ್ಞಾನ’ ಎಂಬ ಗ್ರಂಥದಿಂದ. ಜೀವಿಗಳು ಸೃಷ್ಟಿಯಾದಂದಿನಿಂದ ಇದ್ದ ಹಾಗೆಯೇ ಇಲ್ಲ, ಕಾಲಾಂತರದಲ್ಲಿ ಮಾರ್ಪಡುತ್ತ ಬಂದಿವೆ ಎಂಬುದು ಅದರ ಪ್ರತಿಪಾದನೆ. ಈ ನಂಬಿಕೆ ಅವನಲ್ಲಿ ಬಲಿತದ್ದೂ ಹುಳು, ಚಿಪ್ಪುಗಳ ನಡುವೆಯೇ. ಸರಳ ಜೀವಿಯಿಂದ ಸಂಕೀರ್ಣ ಜೀವಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಸಾಲನ್ನು ಅವನು ಅಲ್ಲಿ ಕಂಡಿದ್ದ. ಪ್ರಾಣಿಯ ಪರಿಸರ ಬದಲಾದರೆ ಅಭ್ಯಾಸ ಬದಲಾಗುತ್ತದೆ, ಬಳಸಿದ ಅಂಗ ಬೆಳೆಯುತ್ತದೆ, ಬಳಸದ ಅಂಗ ಕುಗ್ಗುತ್ತದೆ, ಆ ಬದಲಾವಣೆ ಮರಿಗಳಿಗೂ ಇಳಿಯುತ್ತದೆ ಎಂದು ವಿವರಿಸುವಾಗ ಕೊಟ್ಟ ಹಲವು ನಿದರ್ಶನಗಳಲ್ಲಿ ಜಿರಾಫೆ ಒಂದು. ಒಂದೇ ಒಂದು ಪ್ಯಾರಾ. ಓದುಗರ ಕಲ್ಪನೆಗೆ ಅದೇ ಹಿಡಿಸಿತು. ಉಳಿದ ಸಾವಿರಾರು ಪುಟಗಳು ಮರೆಯಾದವು.

ವಿಧಿಯ ಆಟ ಅಷ್ಟಕ್ಕೇ ನಿಲ್ಲಲಿಲ್ಲ. ಈಜಿಪ್ಟಿನ ಮುಹಮ್ಮದ್ ಅಲಿ ಪಾಶಾ ಫ್ರಾನ್ಸಿನ ದೊರೆ ಹತ್ತನೆಯ ಚಾರ್ಲ್ಸ್‌ಗೆ ಸುಡಾನಿನಲ್ಲಿ ಹಿಡಿದ ಜಿರಾಫೆ ಮರಿಯೊಂದನ್ನು ಕಾಣಿಕೆಯಾಗಿ ಕಳುಹಿಸಿದ. ಹಡಗಿನ ಅಟ್ಟಣೆಯಲ್ಲಿ ರಂಧ್ರ ಕೊರೆದು, ಅದು ಕತ್ತನ್ನು ಹೊರಗೆ ಚಾಚಿ ನಿಲ್ಲುವಂತೆ ಮಾಡಿದ್ದರು. 1826ರ ಅಕ್ಟೋಬರಿನಲ್ಲಿ ಮಾರ್ಸೇ ಬಂದರಿನಲ್ಲಿ ಇಳಿದು ಚಳಿಗಾಲ ಕಳೆದ ಜಿರಾಫೆಯನ್ನು ಮರುವರ್ಷ ಪ್ಯಾರಿಸ್ಸಿಗೆ ನಡೆಸಿಕೊಂಡು ಹೋಗುವ ಹೊಣೆ ಬಿದ್ದದ್ದು ಅದೇ ಜಫ್ರುವಾ ಸೇಂತಿಲೇರ್ ಮೇಲೆ. ಆಗ ಅವನಿಗೆ ಐವತ್ತೈದು ವರ್ಷ. ಹಾಲಿಗಾಗಿ ಹಸುಗಳನ್ನೂ ಜೊತೆಗಿಟ್ಟುಕೊಂಡು, ಸುಮಾರು 880 ಕಿಲೋಮೀಟರ್ ದೂರವನ್ನು ನಲವತ್ತೊಂದು ದಿನ ನಡೆದು, 1827ರ ಜೂನ್ 30ರಂದು ಆ ಮೆರವಣಿಗೆ ಪ್ಯಾರಿಸ್ ಮುಟ್ಟಿತು. ಊರಿಗೆ ಊರೇ ನೋಡಲು ನೆರೆಯಿತು. ಹೆಂಗಸರು ಜಿರಾಫೆಯ ಮಾದರಿಯಲ್ಲಿ ಜಡೆ ಎತ್ತರಿಸಿ ಕಟ್ಟಿದರು. ಬಟ್ಟೆ, ತಟ್ಟೆ, ಗೋಡೆಯ ಕಾಗದ ಎಲ್ಲದರ ಮೇಲೂ ಅದರ ಚಿತ್ರ ಮೂಡಿತು.

ಜಿರಾಫೆಯನ್ನು ಕಟ್ಟಿದ್ದು ವಸ್ತುಸಂಗ್ರಹಾಲಯದ ಉದ್ಯಾನದಲ್ಲಿ. ಅದೇ ಉದ್ಯಾನದ ಮನೆಯೊಂದರಲ್ಲಿ ಲಾಮಾರ್ಕ್ ಇನ್ನೂ ಬದುಕಿದ್ದ. ಆದರೆ ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಸುಮಾರು ಹತ್ತು ವರ್ಷಗಳ ಹಿಂದೆಯೇ ದೃಷ್ಟಿ ಹೋಗಿತ್ತು. ಗ್ರಂಥದ ಕೊನೆಯ ಭಾಗಗಳನ್ನು ಅವನು ಹೇಳುತ್ತಿದ್ದಂತೆ ಮಗಳು ಬರೆದುಕೊಂಡಿದ್ದಳು. ಇಂದು ಯಾವ ಪ್ರಾಣಿಯ ಹೆಸರಿನೊಂದಿಗೆ ಜಗತ್ತು ಅವನನ್ನು ನೆನೆಯುತ್ತದೆಯೋ ಆ ಪ್ರಾಣಿ ಮನೆಯ ಅಂಗಳಕ್ಕೇ ನಡೆದುಬಂದಾಗ ಅದನ್ನು ನೋಡುವ ಭಾಗ್ಯ ಅವನಿಗಿರಲಿಲ್ಲ. 1829ರ ಡಿಸೆಂಬರಿನಲ್ಲಿ ಬಡತನದಲ್ಲೇ ತೀರಿಕೊಂಡ. ತಾತ್ಕಾಲಿಕವಾಗಿ ಪಡೆದ ಗೋರಿಯ ಜಾಗದಲ್ಲಿ ಹೂತದ್ದರಿಂದ ಅವನ ಅಸ್ಥಿಗಳೂ ಕಳೆದುಹೋದವು. ‘ತತ್ವಜ್ಞಾನ’ ಗ್ರಂಥಕ್ಕೆ ನೂರು ವರ್ಷ ತುಂಬಿದ 1909ರಲ್ಲಿ ಅದೇ ಉದ್ಯಾನದಲ್ಲಿ ಅವನ ಪ್ರತಿಮೆ ಎದ್ದಿತು.

ಗಳಿಸಿದ ಗುಣಗಳು ಅವನು ಹೇಳಿದ ರೀತಿಯಲ್ಲಿ ಸಂತತಿಗೆ ಇಳಿಯುವುದಿಲ್ಲ ಎಂಬುದು ಮುಂದೆ ಸ್ಥಿರಪಟ್ಟಿತು. ಜಿರಾಫೆಯ ಕತ್ತಿನ ಕಾರಣದ ಬಗ್ಗೆಯಾದರೂ ಚರ್ಚೆ ಮುಗಿದಿಲ್ಲ. ಎತ್ತರದ ಮೇವಿಗಾಗಿ ಎಂದು ಕೆಲವರು, ಗಂಡುಗಳು ಕತ್ತಿನಿಂದಲೇ ಹೊಡೆದಾಡುವುದರಿಂದ ಎಂದು ಇನ್ನು ಕೆಲವರು ವಾದಿಸುತ್ತಾರೆ. ಡಾರ್ವಿನ್ 1859ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಹೇಳಿದ್ದು ಕತ್ತಿನ ಕಥೆಯನ್ನಲ್ಲ, ನೊಣ ಓಡಿಸುವ ಚಾಮರದಂಥ ಅದರ ಬಾಲದ ಕಥೆಯನ್ನು. ಕತ್ತಿನ ವಿಚಾರ ಸೇರಿದ್ದು 1872ರ ಆವೃತ್ತಿಯಲ್ಲಿ. ಅವನು 1881ರಲ್ಲಿ ಪ್ರಕಟಿಸಿದ ಕೊನೆಯ ಪುಸ್ತಕದ ವಸ್ತುವೂ ಹುಳುವೇ, ಎರೆಹುಳು.

ಒಂದೇ ಕಷ್ಟ, ಎರಡು ಉಪಾಯ

ಈಗ ಎರಡೂ ಜೀವಿಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಎರಡರ ಮೂಲಭೂತ ಕಷ್ಟ ಒಂದೇ: ಮೈಯ ಮೂಲೆಮೂಲೆಗೆ ಆಮ್ಲಜನಕ ಮುಟ್ಟಿಸುವುದು ಹೇಗೆ?

ಜಿರಾಫೆಯ ಕಷ್ಟ ಎತ್ತರದ್ದು. ಗಂಡು ಐದೂವರೆ ಮೀಟರ್‌ವರೆಗೆ ಬೆಳೆಯುತ್ತದೆ. ಅಷ್ಟುದ್ದದ ಕತ್ತಿನಲ್ಲೂ ಇರುವುದು ಮನುಷ್ಯನಿಗಿರುವಷ್ಟೇ, ಏಳೇ ಮೂಳೆಗಳು. ಒಂದೊಂದೂ ಸುಮಾರು ಗೇಣುದ್ದ. ಹೃದಯದಿಂದ ಸುಮಾರು ಎರಡು ಮೀಟರ್ ಮೇಲಿರುವ ಮಿದುಳಿಗೆ ರಕ್ತ ಏರಿಸಬೇಕಾದ್ದರಿಂದ ಅದರ ರಕ್ತದೊತ್ತಡ ಮನುಷ್ಯನದರ ಇಮ್ಮಡಿ. ನೀರು ಕುಡಿಯಲು ತಲೆ ಬಗ್ಗಿಸಿದಾಗ ಆ ರಕ್ತವೆಲ್ಲ ಮಿದುಳಿಗೆ ನುಗ್ಗಬಾರದಲ್ಲ? ಕತ್ತಿನ ಅಭಿಧಮನಿಗಳಲ್ಲಿ ಕವಾಟಗಳಿವೆ, ಮಿದುಳಿನ ಬುಡದಲ್ಲಿ ರಕ್ತನಾಳಗಳ ಬಲೆಯಿದೆ. ಕಾಲುಗಳಲ್ಲಿ ರಕ್ತ ಮಡುಗಟ್ಟದಂತೆ ಬಿಗಿದ ಚರ್ಮ ಕಾಲುಚೀಲದಂತೆ ಅದುಮಿ ಹಿಡಿಯುತ್ತದೆ.

ಹುಳುವಿನ ಕಷ್ಟ ಬೇರೆ. ಅದರ ಮೈ ತೆಳ್ಳಗಿರುವುದರಿಂದ ಶ್ವಾಸಕೋಶ ಬೇಕಿಲ್ಲ, ಚರ್ಮವೇ ಸಾಕು. ಮಿಡಿಯುವ ರಕ್ತನಾಳಗಳೇ ಅದರ ಹೃದಯ. ಆದರೆ ಅದು ಬದುಕುವ ಜಾಗದಲ್ಲಿ ಆಮ್ಲಜನಕವೇ ಇಲ್ಲ. ಊಟ ಇರುವುದು ಕೆಸರಿನೊಳಗೆ, ಉಸಿರು ಇರುವುದು ಮೇಲಿನ ನೀರಿನಲ್ಲಿ. ಹಾಗಾಗಿ ಅದು ತಲೆಯನ್ನು ಕೆಸರಿನಲ್ಲಿ ಹುಗಿದು, ಸುತ್ತ ಮಣ್ಣಿನ ಕೊಳವೆ ಕಟ್ಟಿಕೊಂಡು, ಬಾಲವನ್ನು ನೀರಿಗೆ ಚಾಚಿ ಸದಾ ತೂಗುತ್ತಿರುತ್ತದೆ. ಕೆಸರನ್ನು ನುಂಗಿ ಅದರಲ್ಲಿರುವ ಬ್ಯಾಕ್ಟೀರಿಯಾಗಳನ್ನು ಅರಗಿಸಿಕೊಳ್ಳುತ್ತದೆ. ಆಮ್ಲಜನಕ ಕಡಿಮೆಯಾದಷ್ಟೂ ಬಾಲವನ್ನು ಇನ್ನಷ್ಟು ಮೇಲಕ್ಕೆ ಚಾಚಿ, ಇನ್ನಷ್ಟು ರಭಸದಿಂದ ಅಲ್ಲಾಡಿಸುತ್ತದೆ. ಕೊಂಬೆ ಎತ್ತರವಾದಷ್ಟೂ ಜಿರಾಫೆ ಕತ್ತು ಚಾಚಿತೆಂದು ಲಾಮಾರ್ಕ್ ಕಲ್ಪಿಸಿಕೊಂಡ. ಅವನೇ ಹೆಸರಿಟ್ಟ ಹುಳು ಅದನ್ನು ತಲೆಕೆಳಗಾಗಿ ದಿನವೂ ಮಾಡುತ್ತಿದೆ.

ಎರಡರ ರಕ್ತಕ್ಕೂ ಕೆಂಪು ಬಣ್ಣ ಕೊಡುವುದು ಒಂದೇ ಕುಲದ ವಸ್ತು, ಕಬ್ಬಿಣವನ್ನು ಒಡಲಲ್ಲಿಟ್ಟುಕೊಂಡ ಹಿಮೋಗ್ಲೋಬಿನ್. 1864ರಲ್ಲಿ ಜರ್ಮನಿಯ ಹೋಪೆ ಸೈಲರ್ ಅದಕ್ಕೆ ಆ ಹೆಸರಿಟ್ಟ. ಸ್ವಲ್ಪದರಲ್ಲೇ ಇಂಗ್ಲೆಂಡಿನ ರೇ ಲ್ಯಾಂಕೆಸ್ಟರ್ ರೋಹಿತದರ್ಶಕದ ಮೂಲಕ ಬೆನ್ನೆಲುಬಿಲ್ಲದ ಹಲವು ಜೀವಿಗಳಲ್ಲೂ ಅದನ್ನು ಪತ್ತೆ ಹಚ್ಚಿದ. ಜಿರಾಫೆಯಲ್ಲಿ ಅದು ರಕ್ತಕಣಗಳೊಳಗೆ ಅಡಗಿರುತ್ತದೆ. ಹುಳುವಿನಲ್ಲಿ ಅದಕ್ಕೆ ಕಣದ ಮನೆಯಿಲ್ಲ, ನೇರವಾಗಿ ರಕ್ತದ ದ್ರವದಲ್ಲೇ ಕರಗಿರುತ್ತದೆ. ಸೋರಿಹೋಗದಿರಲೆಂಬಂತೆ ಅದರ ಅಣು ಅತಿ ದೊಡ್ಡದಾಗಿದೆ. ಎರೆಹುಳು, ಟ್ಯೂಬಿಫೆಕ್ಸ್‌ಗಳ ಬಳಗದ ಈ ಅಣು ಸಸ್ತನಿಗಳ ಹಿಮೋಗ್ಲೋಬಿನ್ ಅಣುವಿಗಿಂತ ಸುಮಾರು ಐವತ್ತು ಪಟ್ಟು ದೊಡ್ಡದು. ಮೈಯಲ್ಲಿ ಜಿರಾಫೆ ದೊಡ್ಡದು, ರಕ್ತದ ಅಣುವಿನಲ್ಲಿ ಹುಳುವೇ ದೊಡ್ಡದು. ಮೇಲು ಕೀಳಿನ ಲೆಕ್ಕ ಅಳತೆಗೋಲನ್ನು ಎಲ್ಲಿ ಇಡುತ್ತೇವೆ ಎಂಬುದರ ಮೇಲೆ ನಿಂತಿದೆ.

ಹುಳು ಹೇಳುವ ಸಾಕ್ಷಿ

ಬಾಯಿಲ್ಲದ ನದಿಯ ಪರವಾಗಿ ಹುಳು ಮಾತಾಡಬಲ್ಲದು ಎಂಬುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಿಳಿಯಿತು. 1908-09ರಲ್ಲಿ ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್ ಎಂಬ ವಿಜ್ಞಾನಿಗಳು, ಯಾವ ಜೀವಿಗಳಿವೆ ಎಂಬುದನ್ನು ನೋಡಿಯೇ ನೀರು ಎಷ್ಟು ಕೆಟ್ಟಿದೆ ಎಂದು ಹೇಳುವ ಕ್ರಮವನ್ನು ರೂಪಿಸಿದರು. ತಿಳಿನೀರಿನಲ್ಲಿ ನಾನಾ ಬಗೆಯ ಕೀಟಗಳ ಮರಿಗಳು, ಬಸವನಹುಳುಗಳು, ಮೀನುಗಳು ಇರುತ್ತವೆ. ಕೊಳಚೆ ಸೇರಿದಂತೆಲ್ಲ ಒಂದೊಂದೇ ಜಾಗ ಖಾಲಿ ಮಾಡುತ್ತವೆ. ಕೊನೆಗೆ ಪೈಪೋಟಿಗೆ ಯಾರೂ ಇಲ್ಲದ ಕೆಸರಿನಲ್ಲಿ ಟ್ಯೂಬಿಫೆಕ್ಸ್ ಬಳಗ ಲೆಕ್ಕವಿಲ್ಲದಷ್ಟು ಹೆಚ್ಚುತ್ತದೆ. ನೀರನ್ನು ಕೆಡಿಸಿದ್ದು ಅದಲ್ಲ, ಕೆಟ್ಟದ್ದಕ್ಕೆ ಅದು ಸಾಕ್ಷಿ ಅಷ್ಟೆ.

ವೃಷಭಾವತಿ ಮೊದಲಿನಿಂದ ಹೀಗಿರಲಿಲ್ಲ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿತೆಂಬ ನಂಬಿಕೆಯೇ ಅದಕ್ಕೆ ಹೆಸರು ಕೊಟ್ಟಿತು. ಮಲ್ಲೇಶ್ವರದ ಕಾಡುಮಲ್ಲೇಶ್ವರನ ಗುಡಿಯೆದುರಿನ ನಂದಿತೀರ್ಥದ ಕಡೆಯ ನೀರೂ ಅದರದೇ ಕವಲು. ಅದರ ದಡದ ಗಾಳಿ ಆಂಜನೇಯನ ಗುಡಿಗೆ ಜನ ಇಂದಿಗೂ ನಡೆದುಕೊಳ್ಳುತ್ತಾರೆ. ರಾಜಾಜಿನಗರ 1949ರಲ್ಲಿ ಮೈದಳೆಯತೊಡಗಿತು. ಬಳಿಕ ಕೈಗಾರಿಕೆಗಳು ಬಂದವು, ಪಶ್ಚಿಮದ ಬಡಾವಣೆಗಳು ಒಂದರ ಹಿಂದೊಂದು ಎದ್ದವು. ಅವುಗಳ ಮಳೆನೀರಿನ ಕಾಲುವೆಗಳೆಲ್ಲ ಇಳಿಜಾರು ಹಿಡಿದು ಇದೇ ಕಣಿವೆಗೆ ಬಂದು ಸೇರಿದವು. ಮಳೆನೀರಿನ ಜೊತೆಗೆ ಮನೆಗಳ ಕೊಳಚೆ, ಕಾರ್ಖಾನೆಗಳ ತ್ಯಾಜ್ಯಗಳೂ ಇಳಿದವು. ಶುದ್ಧೀಕರಣ ಘಟಕಗಳು 1970ರ ದಶಕದಿಂದಲೇ ಈ ಕಣಿವೆಯಲ್ಲಿವೆ. ಊರು ಬೆಳೆದ ವೇಗವೇ ಬೇರೆ.

1974ರಲ್ಲಿ ಕಾವೇರಿಯ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ ಏರಿ ಬೆಂಗಳೂರಿಗೆ ಬಂತು. ಮಳೆಗಾಲದ ತೊರೆಗೆ ವರ್ಷವಿಡೀ ನೀರು ಒದಗಿತು, ಆದರೆ ಬಳಸಿ ಬಿಟ್ಟ ನೀರು. ಅದು ಬೈರಮಂಗಲ ಕೆರೆಯನ್ನು ಹೊಕ್ಕು, ಅಲ್ಲಿನ ರೈತರ ಹೊಲಗಳನ್ನು ಮುಟ್ಟಿ, ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಮರಳಿ ಕಾವೇರಿಯನ್ನೇ ಸೇರುತ್ತದೆ. ತಿಳಿಯಾಗಿ ತಂದದ್ದನ್ನು ಊರು ಕಪ್ಪಾಗಿಸಿ ಹಿಂದಿರುಗಿಸುತ್ತಿದೆ.

ಇಂಥ ನದಿ ಮತ್ತೆ ತಿಳಿಯಾಗಲಾರದು ಎನ್ನುವಂತಿಲ್ಲ. 1957ರಲ್ಲಿ ಲಂಡನ್ನಿನ ಥೇಮ್ಸ್ ನದಿಯನ್ನು ಸತ್ತ ನದಿಯೆಂದೇ ಘೋಷಿಸಿದ್ದರು. ಮಹಾನಗರದ ಉದ್ದಕ್ಕೂ ಅದರಲ್ಲಿ ಹಾವುಮೀನು ಬಿಟ್ಟರೆ ಬೇರೆ ಮೀನಿರಲಿಲ್ಲ. ಕೊಳಚೆಯ ಶುದ್ಧೀಕರಣ ಸರಿಹೋದ ಮೇಲೆ, 1974ರಲ್ಲಿ, ಅಲ್ಲಿ ಸಾಲ್ಮನ್ ಮೀನು ಮತ್ತೆ ಸಿಕ್ಕಿತು. ಅದೇ ವರ್ಷ ಕಾವೇರಿ ಬೆಂಗಳೂರಿಗೆ ಬಂದಿತ್ತು. ನೀರು ಸುಧಾರಿಸಿದಲ್ಲಿ ಕೆಂಪು ಹುಳು ಪೂರ್ತಿ ಅಳಿಯುವುದಿಲ್ಲ. ಹೊರಟುಹೋಗಿದ್ದ ನೆರೆಹೊರೆಯವರು ಮರಳಿ ಬಂದು, ಅದು ಹಲವರಲ್ಲಿ ಒಬ್ಬನಾಗುತ್ತದೆ. ನದಿ ಗುಣಮುಖವಾಗಿದೆ ಎನ್ನುವುದಕ್ಕೂ ಅದರ ಎಣಿಕೆಯೇ ಆಧಾರ.

ಜಿರಾಫೆಯನ್ನು ನೋಡಲು ಊರು ದಾಟಿ ಹೋಗಬೇಕು. ಊರಿನ ಸ್ಥಿತಿಯನ್ನು ನೋಡಲು ಅಷ್ಟು ದೂರ ಹೋಗಬೇಕಿಲ್ಲ, ಕಿಟಕಿ ಮುಚ್ಚುವ ಜಾಗದಲ್ಲಿ ಒಮ್ಮೆ ಕೆಳಗೆ ನೋಡಿದರೆ ಸಾಕು. ಆ ಹರಿವಿಗೆ ಜನ ಬಹಳ ವರ್ಷಗಳಿಂದ ಕೆಂಗೇರಿ ಮೋರಿ ಎನ್ನುತ್ತ ಬಂದಿದ್ದಾರೆ. ಕೆಸರಿನಲ್ಲಿ ತಲೆ ಹುಗಿದು ಬದುಕುವ ಹುಳುವಿಗೆ ಇನ್ನೂರು ವರ್ಷಗಳ ಹಿಂದೆ ಲಾಮಾರ್ಕ್ ಇಟ್ಟ ಹೆಸರಿನಲ್ಲಿ ಮಾತ್ರ ಮೋರಿ ಇರಲಿಲ್ಲ, ತೊರೆ ಇತ್ತು.